ಸವತಿ ಕೋಣೆ

ಸೊಸೆಗೆ ಬಾಗಿಲು ಹಾಕಿಕೊಳ್ಳುವ ಕೋಣೆ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳೂ ಗಂಡನೂ ನಡುಮನೆಯಲ್ಲಿ, ಊಟದ ಮೇಜಿಗೂ ಕಿಟಕಿಗೂ ನಡುವೆ, ಒಂದು ಪರದೆಯ ಹಿಂದೆ ಮಲಗುತ್ತಿದ್ದರು. ಆ ಪರದೆ ಯಾರೋ ಗಿರಾಕಿ ಒಗೆಯಲು ಕೊಟ್ಟು ಮರಳಿ ಒಯ್ಯದೆ ಬಿಟ್ಟದ್ದು. ಬೆಳಿಗ್ಗೆ ಮಾವ ಹಲ್ಲುಜ್ಜಲು ಹೊರಟರೆ ಪರದೆಯ ಈಚೆ ನಿಂತು ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿದರೆ ಸೊಸೆ ಎದ್ದು ಕೂರಬೇಕು.

ಕೆಳಗೆ ಲಾಂಡ್ರಿ, ಮೇಲೆ ಮನೆ. ಮನೆಯಲ್ಲಿದ್ದ ಕೋಣೆ ಎರಡು. ಒಂದರಲ್ಲಿ ಅತ್ತೆ ಮಾವ ಮಲಗುತ್ತಿದ್ದರು. ಇನ್ನೊಂದರಲ್ಲಿ ಮಾವನ ಬಟ್ಟೆಗಳು ಮಲಗುತ್ತಿದ್ದವು.

ಬಟ್ಟೆ ಎಂದರೆ ಉಜ್ಬೆಕ್ ಹೆಂಗಸರು ನೂರು ನೂರೈವತ್ತು ವರ್ಷದ ಹಿಂದೆ ಮಗಳ ಮದುವೆಗೆಂದು ರೇಷ್ಮೆ ನೂಲಿನಲ್ಲಿ ಕಸೂತಿ ಹಾಕಿದ ದೊಡ್ಡ ಹಾಸುಗಳು. ಸುಜಾನಿ ಎಂದು ಅವುಗಳ ಹೆಸರು. ಮೊದಲನೆಯದು ಆ ಪರದೆಯ ಹಾಗೆಯೇ ಬಂದಿತ್ತು. ಒಗೆಯುವ ಮುನ್ನ ಬಿಡಿಸಿ ನೋಡಿದ ಮಾವ ಅದನ್ನು ಒಗೆಯಲಿಲ್ಲ. ಕೊಟ್ಟವನೂ ತಿರುಗಿ ಬರಲಿಲ್ಲ. ಆಮೇಲೆ ಮಾವ ತಾವೇ ಹುಡುಕಿಕೊಂಡು ಹೊರಟರು. ಹಳೆ ಸಾಮಾನಿನ ಅಂಗಡಿ, ಹರಾಜು, ಬಾಗಿಲು ಮುಚ್ಚಿದ ನಾಟಕ ಕಂಪನಿಯ ಗೋದಾಮು. ಬೇರೆಯವರು ಸಿಗರೇಟಿಗೂ ಸ್ಕೂಟರಿಗೂ ಸುರಿದದ್ದನ್ನು ಇವರು ಇದಕ್ಕೆ ಸುರಿದರು. ಈಗ ಹನ್ನೊಂದು ಇದ್ದವು, ಹಳೆ ಬೆಡ್‌ಶೀಟುಗಳಲ್ಲಿ ಸುತ್ತಿ, ನಡುನಡುವೆ ಒಣ ಬೇವಿನ ಸೊಪ್ಪು ಹಾಕಿ.

ಆ ಕೋಣೆಗೆ ಅತ್ತೆ ಇಟ್ಟ ಹೆಸರು ಸವತಿ ಕೋಣೆ. ಅವರು ಅದರ ಹೊಸ್ತಿಲು ದಾಟಿ ವರ್ಷಗಳಾಗಿದ್ದವು. ಮಗ ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಒಮ್ಮೆ ಅತ್ತೆ, ಗಂಡ ನೋಡಿ ಖುಷಿಪಡಲಿ ಎಂದು, ಒಂದು ಸುಜಾನಿಗೆ ಬಿಸಿ ಇಸ್ತ್ರಿ ಹಾಕಿದ್ದರು. ಉಬ್ಬಿ ನಿಂತಿದ್ದ ರೇಷ್ಮೆ ಹೊಲಿಗೆ ಚಪ್ಪಟೆಯಾಗಿ ಕೂತಿತು. ಅಂಗಡಿಯಲ್ಲಿ ನಾಲ್ಕು ಗಿರಾಕಿಗಳ ಎದುರಿಗೆ ಮಾವ, “ನಿನಗೆ ಕಲೆ ತೆಗೆಯೋದು ಬಿಟ್ಟು ಇನ್ನೇನು ಬರುತ್ತೆ? ಇನ್ಮೇಲೆ ಇದನ್ನ ಮುಟ್ಟಬೇಡ” ಎಂದಿದ್ದರು. ಅತ್ತೆ ಮುಟ್ಟಲಿಲ್ಲ. ಕಸ ಗುಡಿಸುವಾಗಲೂ ಪೊರಕೆಯನ್ನು ಆ ಬಾಗಿಲವರೆಗೆ ಒಯ್ದು ಅಲ್ಲಿಂದ ತಿರುಗಿಸಿಕೊಂಡು ಬರುತ್ತಿದ್ದರು.

ಕಲೆ ತೆಗೆಯುವುದರಲ್ಲಿ ಮಾತ್ರ ಆ ಬೀದಿಯಲ್ಲಿ ಅತ್ತೆಯ ಸಮಕ್ಕೆ ಯಾರೂ ಇರಲಿಲ್ಲ. ಎಣ್ಣೆ, ರಕ್ತ, ಟೀ, ಗ್ರೀಸು, ತುಟಿಯ ಬಣ್ಣ, ಶಾಯಿ. ಬಟ್ಟೆಯನ್ನು ಮೂಸಿ ನೋಡಿಯೇ ಕಲೆ ಯಾವುದೆಂದು ಹೇಳುತ್ತಿದ್ದರು. ಕೆಲವು ಕಲೆಗಳ ವಿಷಯದಲ್ಲಿ ಗಿರಾಕಿಯ ಮುಖ ನೋಡಿ ಸುಮ್ಮನಾಗುತ್ತಿದ್ದರು.

ಸೊಸೆಗೆ ಏಳು ತಿಂಗಳು ತುಂಬಿದಾಗ ಜಗಳ ಶುರುವಾಯಿತು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ನಿಂತು ಬಂದು, ಊದಿದ ಪಾದಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಊಟದ ಮೇಜಿಗೆ ಕೂರುತ್ತಿದ್ದಳು.

“ತೊಟ್ಟಿಲು ಎಲ್ಲಿಡೋದು?” ಎಂದು ಅತ್ತೆ ಆಲೂಗಡ್ಡೆ ಬಡಿಸುತ್ತಾ ಕೇಳಿದರು.

“ಮೇಜಿನ ಪಕ್ಕ,” ಎಂದ ಮಗ. ಅವನು ಲಾಂಡ್ರಿಯ ವ್ಯಾನು ಓಡಿಸುತ್ತಿದ್ದ. ಮನೆಯ ಜಗಳದಲ್ಲೂ ಯಾವ ಕಡೆಗೂ ಹಾರ್ನ್ ಮಾಡದೆ ಮಧ್ಯದಲ್ಲಿ ಹೋಗುವುದು ಅವನ ಸ್ವಭಾವ.

“ಮೇಜಿನ ಪಕ್ಕ ನೀನು ಮಲಗ್ತೀಯ. ನೀನೇನು ತೊಟ್ಟಿಲ ಕೆಳಗೆ ಮಲಗ್ತೀಯಾ?”

“ಹಾಗಾದ್ರೆ ಮೇಜನ್ನೇ ತೆಗೆಯೋಣ.”

“ತೆಗೆದು ನಿನ್ನ ತಲೆ ಮೇಲಿಟ್ಕೊ. ರೀ, ನಿಮ್ಮನ್ನೇ ಕೇಳ್ತಿರೋದು. ಬಟ್ಟೆಗೆ ಕೋಣೆ ಇದೆ, ಮನುಷ್ಯರಿಗೆ ಪರದೆ. ಹುಟ್ಟೋ ಕೂಸಿಗೆ ಏನು? ಕರವಸ್ತ್ರವಾ?”

ಮಾವ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದರು. ಪೂರ್ತಿ ಬಿಡಿಸಿ, ಅದನ್ನು ಸೊಸೆಯ ತಟ್ಟೆಗೆ ಹಾಕಿ, “ನಾನೇನು ಕೋಣೆ ಕೊಡಲ್ಲ ಅಂದ್ನಾ? ಅವು ಎಲ್ಲಿ ಹೋಗಬೇಕು ಹೇಳು,” ಎಂದರು.

“ಮಾರಿ ಬಿಡಿ.”

“ಕೊಳ್ಳೋರು ಕತ್ತರಿಸಿ ದಿಂಬು ಮಾಡ್ಕೋತಾರೆ. ಹೆಗಲಿಗೆ ಹಾಕ್ಕೊಳ್ಳೋ ಚೀಲ ಮಾಡ್ಕೋತಾರೆ. ಹೋದ್ರೆ ಹನ್ನೊಂದೂ ಒಟ್ಟಿಗೆ, ಒಳ್ಳೆ ಕಡೆಗೆ ಹೋಗಬೇಕು. ಇಲ್ಲ ಅಂದ್ರೆ ಒಂದೂ ಇಲ್ಲ.”

“ಕೇಳಿದೆಯೇನಮ್ಮಾ,” ಎಂದರು ಅತ್ತೆ ಸೊಸೆಯ ಕಡೆ ತಿರುಗಿ. “ಹನ್ನೊಂದು ಹೆಣ್ಣುಮಕ್ಕಳು. ಒಂದೇ ಮನೆಗೆ ಕೊಡಬೇಕಂತೆ.”

ಸೊಸೆಗೆ ನಗು ಬಂತು. ಮಾವನಿಗೂ ಬಂತು. ಆದರೆ ಕೋಣೆಯ ಮಾತು ಅಲ್ಲಿಗೇ ನಿಂತಿತು.

ಸೊಸೆಗೆ ಮಾವನ ಮೇಲೆ ಕೋಪ ಮಾಡಿಕೊಳ್ಳುವುದು ಕಷ್ಟವಾಗಿತ್ತು. ಭಾನುವಾರ ಬೆಳಿಗ್ಗೆ ಸುಜಾನಿಗಳಿಗೆ ಗಾಳಿ ಹಾಕುವಾಗ ಅವಳೇ ಇನ್ನೊಂದು ತುದಿ ಹಿಡಿಯುತ್ತಿದ್ದಳು. ತನ್ನ ಅಂಗಡಿಯಿಂದ ಅವಳು ತಂದುಕೊಟ್ಟ, ದೊಡ್ಡದಾಗಿ ಕಾಣಿಸುವ ದಪ್ಪ ಗಾಜನ್ನು ಕಣ್ಣಿಗೆ ಹಿಡಿದು ಮಾವ ಹೊಲಿಗೆ ತೋರಿಸುತ್ತಿದ್ದರು. ಅಗಲ ಕಿರಿದಾದ ಬಟ್ಟೆಯ ಪಟ್ಟಿಗಳನ್ನು ಮೊದಲು ಸಡಿಲವಾಗಿ ಒಟ್ಟಿಗೆ ಹೊಲಿಯುತ್ತಾರೆ. ಚಿತ್ರ ಬರೆಯಲು ಬಲ್ಲ ಒಬ್ಬ ಮುದುಕಿ ಬಂದು ಇಡೀ ಬಟ್ಟೆಯ ಮೇಲೆ ಶಾಯಿಯಲ್ಲಿ ಹೂವು ಬಳ್ಳಿ ಬರೆಯುತ್ತಾಳೆ. ಆಮೇಲೆ ಪಟ್ಟಿಗಳನ್ನು ಬಿಚ್ಚಿ, ಒಂದು ತಾಯಿಗೆ, ಒಂದು ಚಿಕ್ಕಮ್ಮನಿಗೆ, ಒಂದು ಅಕ್ಕನಿಗೆ. ಪ್ರತಿಯೊಬ್ಬಳೂ ತನ್ನ ಮೂಲೆಯಲ್ಲಿ ಕೂತು ತನ್ನ ಪಟ್ಟಿಗೆ ಕಸೂತಿ ಹಾಕುತ್ತಾಳೆ. ಕೊನೆಗೆ ಮತ್ತೆ ಕೂಡಿಸಿ ಹೊಲಿದರೆ, ಈ ಪಟ್ಟಿಯ ಅರ್ಧ ಹೂವು ಆ ಪಟ್ಟಿಯ ಅರ್ಧ ಹೂವಿಗೆ ಸರಿಯಾಗಿ ಸೇರುವುದಿಲ್ಲ. ಒಂದು ಬೆರಳು ಆಚೆ, ಒಂದು ಬೆರಳು ಈಚೆ.

“ಒಂದೇ ಮನೆ ಹೆಂಗಸರಲ್ವಾ ಮಾವ,” ಎಂದಿದ್ದಳು ಸೊಸೆ. “ಹೇಗೆ ಸೇರುತ್ತೆ?”

ಹನ್ನೊಂದರಲ್ಲಿ ಮಾವನ ಜೀವವಿದ್ದದ್ದು ಒಂದರ ಮೇಲೆ. ಅದಕ್ಕೆ ನಾಲ್ಕು ಪಟ್ಟಿ. ಮೂರರ ತುಂಬ ಕೆಂಪು, ನೇರಳೆ, ಹಳದಿ ರೇಷ್ಮೆ. ನಾಲ್ಕನೆಯದರಲ್ಲಿ ಕಸೂತಿಯೇ ಇಲ್ಲ. ಮುದುಕಿಯ ಕಂದು ಶಾಯಿಯ ಗೆರೆಗಳು ಮಾತ್ರ ಹಾಗೇ ಉಳಿದಿದ್ದವು. ಹೊಲಿಯಬೇಕಿದ್ದವಳು ಸತ್ತಳೋ, ಮುನಿಸಿಕೊಂಡಳೋ, ಮದುವೆ ಬೇಗ ಗೊತ್ತಾಯಿತೋ. ಬೇರೆಲ್ಲ ಸುಜಾನಿಗಳಲ್ಲಿ ಗೆರೆ ರೇಷ್ಮೆಯ ಕೆಳಗೆ ಮುಚ್ಚಿಹೋಗಿರುತ್ತದೆ, ಹೊಲಿಗೆ ಎಲ್ಲರ ಬಳಿಯೂ ಇರುತ್ತದೆ, ಗೆರೆ ಯಾರ ಬಳಿಯೂ ಇರುವುದಿಲ್ಲ ಎಂದು ಮಾವ ಹೇಳುತ್ತಿದ್ದರು. ಮೂಲೆಯಲ್ಲಿ ಒಂದು ಸಣ್ಣ ಚಿತ್ರವಿತ್ತು. ಮಾವ ಅದನ್ನು ಹಕ್ಕಿ ಎನ್ನುತ್ತಿದ್ದರು.

“ಹಕ್ಕಿಗೆ ಹಿಡಿ ಇರುತ್ತಾ ಮಾವ? ಇದು ಹೂಜಿ.”

“ಅದು ಹಿಡಿ ಅಲ್ಲಮ್ಮ, ಬಾಲ.”

“ಫೋಟೋ ತೆಗೆದು ದೊಡ್ಡದು ಮಾಡಿ ನೋಡೋಣ್ವಾ?”

“ಬೇಡ. ಬೆಳಕು ಬಿದ್ದಷ್ಟೂ ಬಣ್ಣ ಸಾಯುತ್ತೆ.”

ಆ ಊಟದ ಜಗಳವಾದ ಮರುವಾರ ಮಾವ ತಾವಾಗಿಯೇ ಮ್ಯೂಸಿಯಂಗೆ ಫೋನು ಮಾಡಿದರು. ಅತ್ತೆ ಕೆಳಗೆ ಅಂಗಡಿಯಲ್ಲಿದ್ದರು, ಸೊಸೆ ಕೇಳಿಸಿಕೊಂಡಳು. ಮೊದಲು ಅಲ್ಲಿಯವರು ಅಷ್ಟು ಆಸಕ್ತಿ ತೋರಿಸಿದಂತಿರಲಿಲ್ಲ. ನಾಲ್ಕನೆಯ ಪಟ್ಟಿಯ ವಿಷಯ ಬಂದಮೇಲೆ ಮಾವ ಸುಮ್ಮನೆ ಕೂತು ಆ ಕಡೆಯ ಮಾತು ಕೇಳತೊಡಗಿದರು. ಫೋನಿಟ್ಟು ಹೇಳಿದರು: “ಗುರುವಾರ ಅಲ್ಲಿನ ಮೇಡಂ ಬರ್ತಾರೆ. ಗೆರೆ ಇರೋದು ನಿಜ ಆದ್ರೆ ಹನ್ನೊಂದಕ್ಕೂ ಒಂದು ಕೊಠಡಿ ಕೊಡ್ತಾರಂತೆ.” ಆಮೇಲೆ ಸೊಸೆಯ ಮುಖ ನೋಡದೆ, “ಸುಣ್ಣ ಹೊಡೆಸಬೇಕು ಆ ಕೋಣೆಗೆ. ಕೂಸಿಗೆ ಬೇವಿನ ವಾಸನೆ ಆಗಲ್ಲ,” ಎಂದರು.

ಸೊಸೆ ಅಂದು ಸಂಜೆ ಅಳತೆಯ ಟೇಪು ಹಿಡಿದು ಕೋಣೆಯ ಗೋಡೆಯಿಂದ ಗೋಡೆಗೆ ಅಳೆದಳು. ಮಂಚ ಹಿಡಿಯುತ್ತಿತ್ತು. ತೊಟ್ಟಿಲೂ ಹಿಡಿಯುತ್ತಿತ್ತು. ಬಾಗಿಲನ್ನು ಒಮ್ಮೆ ಹಾಕಿ ಚಿಲಕ ಸರಿಸಿ ನೋಡಿದಳು. ಚಿಲಕಕ್ಕೆ ಎಣ್ಣೆ ಬೇಕಿತ್ತು.

ಮಂಗಳವಾರ ಅಪ್ಪ ಮಗ ಇಬ್ಬರೂ ಹೋಟೆಲಿನ ಬೆಡ್‌ಶೀಟು ತರಲು ವ್ಯಾನಿನಲ್ಲಿ ಹೋಗಿದ್ದರು. ಸೊಸೆ ರಜೆ ಹಾಕಿ ಮಲಗಿದ್ದಳು. ಅತ್ತೆ ಪರದೆಯ ಈಚೆ ಬಂದು ನಿಂತರು.

“ಗುರುವಾರ ಆ ಮೇಡಂ ಮುಂದೆ ಹಾಸೋದು ಯಾವುದು?”

“ಕಪಾಟಿನ ಮೇಲಿನ ಹಲಗೇಲಿರೋದು ಅತ್ತೆ, ನೀಲಿ ಬೆಡ್‌ಶೀಟಲ್ಲಿ ಸುತ್ತಿದೆ. ಯಾಕೆ?”

“ಸುಮ್ಮನೆ. ಮನೆ ಬಿಟ್ಟು ಹೋಗೋ ಸವತಿ ಮುಖ ಒಂದು ಸಲ ನೋಡೋಣ ಅಂತ.”

ಅತ್ತೆ ಆ ಹೊಸ್ತಿಲು ದಾಟುವ ಸದ್ದು ಕೇಳಿ ಸೊಸೆಗೆ ಸಂತೋಷವೇ ಆಯಿತು. ಮನೆಯೊಳಗೆ ಏನೋ ಸರಿಹೋಗುತ್ತಿದೆ ಎಂದುಕೊಂಡು ಮಗ್ಗುಲು ಬದಲಿಸಿ ನಿದ್ದೆಹೋದಳು.

ಅತ್ತೆ ನೀಲಿ ಗಂಟನ್ನು ಕೆಳಗೆ ಅಂಗಡಿಗೆ ಒಯ್ದು, ಬೆಳಕಿರುವ ಮೇಜಿನ ಮೇಲೆ ಬಿಡಿಸಿದರು. ಮೂರು ಪಟ್ಟಿ ನೋಡಿದರು. ಚೆನ್ನಾಗಿದೆ ಎಂದು ಇಷ್ಟು ವರ್ಷ ಒಪ್ಪಿಕೊಳ್ಳದಿದ್ದದ್ದನ್ನು ಯಾರೂ ಇಲ್ಲದಾಗ ಒಪ್ಪಿಕೊಂಡರು. ನಾಲ್ಕನೆಯ ಪಟ್ಟಿ ಕಂಡಿತು. ಒಳ್ಳೆಯ ಬಿಳಿ ಹತ್ತಿ, ಅದರ ತುಂಬ ಶಾಯಿ. ಯಾವ ಮನೆಯ ಮಗು ಗೀಚಿತೋ. ಇಂಥದ್ದನ್ನು ಇಟ್ಟುಕೊಂಡು, ಕೆಳಗೇ ಕೂತಿರುವ ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ ಈ ಮನುಷ್ಯ. ಅವತ್ತು ಮುಟ್ಟಬೇಡ ಅಂದ ಬಾಯಿಂದ ಕೇಳುವುದು ಹೇಗೆ ಎಂದು ಬಿಗುಮಾನ.

ಅತ್ತೆ ಬಟ್ಟೆ ಮೂಸಿದರು. ಹಳೆ ಶಾಯಿ, ಕಬ್ಬಿಣ ಸೇರಿದ್ದು. ತುಕ್ಕಿನ ಕಲೆಗೆ ಹಾಕುವ ಬಿಳಿ ಪುಡಿಯನ್ನು ಬಟ್ಟಲಲ್ಲಿ ಕಲಸಿ, ಮೊದಲು ಅಂಚಿನ ಮಡಿಕೆಯೊಳಗೆ ಒಂದು ಹನಿ ಇಟ್ಟು ನೋಡಿದರು. ಅಡಿಗೆ ಬಿಳಿ ಟವೆಲು ಹಾಸಿದರು. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಗೆರೆಯ ಮೇಲೆ ಗೆರೆಯಷ್ಟೇ ಅಗಲ ಒದ್ದೆ ಮಾಡುತ್ತಾ ಹೊರಟರು. ಪಕ್ಕದ ರೇಷ್ಮೆಯ ಒಂದು ಎಳೆಯೂ ನೆನೆಯಲಿಲ್ಲ. ಒಂದು ಗೆರೆ ಹೋದಮೇಲೆ ನೀರು, ನೀರಿನ ಮೇಲೆ ಒಣ ಬಟ್ಟೆ, ಆಮೇಲೆ ಮುಂದಿನ ಗೆರೆ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಕೊನೆಗೆ ಫ್ಯಾನಿನ ಗಾಳಿಗೆ ಒಣಗಿಸಿ, ಇದ್ದ ಮಡಿಕೆಯ ಮೇಲೇ ಮಡಚಿ, ನೀಲಿ ಬೆಡ್‌ಶೀಟಿನಲ್ಲಿ ಸುತ್ತಿ ಇದ್ದಲ್ಲೇ ಇಟ್ಟು ಬಂದರು. ಯಾರಿಗೂ ಹೇಳಲಿಲ್ಲ. ಗುರುವಾರ ಎಲ್ಲರ ಮುಂದೆ ಗೊತ್ತಾಗಲಿ ಎಂದಿತ್ತು. ಅವತ್ತು ಬೈದದ್ದೂ ಎಲ್ಲರ ಮುಂದೆಯೇ.

ಗುರುವಾರ ಮೇಡಂ ಬಿಳಿ ಕೈಗವಸು ಹಾಕಿಕೊಂಡು ಬಂದರು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಾತು ಹೆಚ್ಚಾಗಿ ಆಡಿದರು. ಮುದುಕಿಯ ಕಥೆ, ಪಟ್ಟಿಗಳ ಕಥೆ ಎಲ್ಲ ಹೇಳಿ, ಸೊಸೆಯ ಕೈಯಲ್ಲಿ ಒಂದು ತುದಿ ಕೊಟ್ಟು, ಊಟದ ಮೇಜಿನ ಮೇಲೆ ಮಡಿಕೆ ಬಿಡಿಸಿದರು. ಒಂದನೆಯ ಪಟ್ಟಿ, ಎರಡನೆಯದು, ಮೂರನೆಯದು. ನಾಲ್ಕನೆಯದು ಹಾಲಿನಷ್ಟು ಬೆಳ್ಳಗಿತ್ತು.

ಅತ್ತೆ ಟೀ ಲೋಟಗಳ ತಟ್ಟೆ ಹಿಡಿದು ಆಗಷ್ಟೇ ಅಡುಗೆಮನೆಯ ಬಾಗಿಲಿಗೆ ಬಂದಿದ್ದರು. ಹೊಸ ಸೀರೆ ಉಟ್ಟಿದ್ದರು.

“ಹೇಗಿದೆ?” ಎಂದು ಕೇಳಿದರು.

ಮಾವ ಹೆಂಡತಿಯನ್ನು ನೋಡಿದರು. ಬಟ್ಟೆಯನ್ನು ನೋಡಿದರು. ಗಾಜು ತೆಗೆದು ಹತ್ತಿರ ಬಗ್ಗಿ, ಇಡೀ ಪಟ್ಟಿಯ ಉದ್ದಕ್ಕೂ ನಿಧಾನವಾಗಿ ಕಣ್ಣಾಡಿಸಿದರು. ನೆಟ್ಟಗೆ ನಿಂತಾಗ ಅವರ ದನಿಯಲ್ಲಿ ಏನೂ ಇರಲಿಲ್ಲ.

“ಕೈ ಚೆನ್ನಾಗಿದೆ ಇವಳೇ,” ಎಂದರು.

ಅತ್ತೆಯ ಮುಖ ಅರಳಿತು. ಟೀ ಇಟ್ಟು ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

“ಗೆರೆಗಳು ಎಲ್ಲಿ?” ಎಂದರು ಮೇಡಂ.

“ನನಗೇ ವಯಸ್ಸಾಯ್ತು ಮೇಡಂ. ಬೇರೆ ಎಲ್ಲೋ ನೋಡಿದ್ದು ಇದರಲ್ಲಿದೆ ಅಂತ ತಲೇಲಿ ಕೂತಿತ್ತು.”

ಮೇಡಂ ಮುಖದಲ್ಲಿ, ಇಷ್ಟು ದೂರ ಬಂದದ್ದು ದಂಡವಾಯಿತು ಎನ್ನುವುದು ಕಂಡಿತು. ಉಳಿದ ಹತ್ತನ್ನೂ ನೋಡಿದರು. ಒಳ್ಳೆಯವೇ, ಆದರೆ ಇಂಥವು ತಮ್ಮಲ್ಲಿ ಇವೆ, ಬೇಕಾದರೆ ನಾಲ್ಕನ್ನು ತೆಗೆದುಕೊಳ್ಳಬಹುದು ಎಂದರು. ಮಾವ ಯೋಚಿಸಿ ಹೇಳುತ್ತೇನೆ ಎಂದರು. ಮೇಡಂ ಟೀ ಮುಟ್ಟದೆ ಹೋದರು.

ಸೊಸೆ ಬಟ್ಟೆ ಮಡಚುವಾಗ ಪಿಸುಗುಟ್ಟಿದಳು. “ಮಾವ, ನಾನೇ ಅತ್ತೆಗೆ ಹೇಳಿದ್ದು ಯಾವುದು ಅಂತ. ಗೆರೆ ವಿಷಯ ಹೇಳ್ಬೇಕಿತ್ತು.”

“ನಾನು ಹೇಳ್ಬೇಕಿತ್ತಮ್ಮ. ಇಷ್ಟು ವರ್ಷದಲ್ಲಿ ನಿನಗೆ ಹೇಳಿದೆ, ವ್ಯಾನಿಗೆ ಪೆಟ್ರೋಲ್ ಹಾಕೋನಿಗೆ ಹೇಳಿದೆ, ಅವಳಿಗೆ ಹೇಳಲಿಲ್ಲ. ಈಗ ನೀನೂ ಬಾಯಿ ಬಿಡಬೇಡ.”

ಆಮೇಲಿನ ದಿನಗಳಲ್ಲಿ ಮಾವ ಆ ಕೋಣೆಗೆ ಹೋಗಲಿಲ್ಲ. ಸುಣ್ಣದ ಮಾತೂ ಎತ್ತಲಿಲ್ಲ. ಹನ್ನೊಂದೂ ಒಟ್ಟಿಗೆ, ಇಲ್ಲದಿದ್ದರೆ ಒಂದೂ ಇಲ್ಲ ಎಂದದ್ದು ಹಾಗೇ ನಿಂತಿತ್ತು. ಸೊಸೆ ತಾನೇ ಚಿಲಕಕ್ಕೆ ಎಣ್ಣೆ ಬಿಟ್ಟಿದ್ದ ಆ ಬಾಗಿಲನ್ನು ದಾಟಿಕೊಂಡು ಬಚ್ಚಲಿಗೆ ಹೋಗಿ ಬರುತ್ತಿದ್ದಳು. ಅವಳ ಗಂಡ ಮೇಜಿನ ಕಾಲು ಕತ್ತರಿಸಿದರೆ ತೊಟ್ಟಿಲನ್ನು ಮೇಲೆ ಇಡಬಹುದು ಎಂದ. ಅವಳು ಅವನ ಜೊತೆ ಅರ್ಧ ದಿನ ಮಾತು ಬಿಟ್ಟಳು.

ಮುಂದಿನ ವಾರ ಅತ್ತೆಯೇ ಕೆದಕಿದರು. ಒಣಗಿದ ಟವೆಲುಗಳನ್ನು ಇಬ್ಬರೂ ಮಡಚುತ್ತಿದ್ದರು.

“ಅಷ್ಟು ಶಾಯಿ ತೆಗೆದೆ. ಆ ಮೇಡಂ ಏನೂ ಅನ್ನಲಿಲ್ಲ, ನಿಮ್ಮ ಮಾವ ಒಂದು ಮಾತಲ್ಲಿ ಮುಗಿಸಿದ್ರು. ಊಟ ಮಾಡೋವಾಗ ನೋಡು, ಯಾರೋ ಸತ್ತೋರ ಮನೇಲಿ ಕೂತ ಹಾಗೆ. ನಾನೇನು ಆ ಸವತೀನ ಕೊಂದ್ನಾ?”

ಸೊಸೆ ಟವೆಲು ಕೆಳಗಿಟ್ಟಳು. ಕೋಣೆ ಕೈತಪ್ಪಿದ ಸಿಟ್ಟೂ ಇತ್ತು, ಅತ್ತೆಯ ಮೇಲೆ ಮರುಕವೂ ಇತ್ತು. “ಹೌದು ಅತ್ತೆ,” ಎಂದು ಎಲ್ಲವನ್ನೂ ಹೇಳಿದಳು.

ಅತ್ತೆ ಮಡಚುತ್ತಿದ್ದ ಟವೆಲನ್ನು ಪೂರ್ತಿ ಮಡಚಿ, ರಾಶಿಯ ಮೇಲಿಟ್ಟು, ಕೆಳಗಿಳಿದು ಹೋದರು. ಮಾವ ಪ್ರೆಸ್ಸಿನ ಮುಂದೆ ನಿಂತು ಪ್ಯಾಂಟಿನ ಗೆರೆ ಕೂರಿಸುತ್ತಿದ್ದರು. ಮಗ ಹ್ಯಾಂಗರು ಎಣಿಸುತ್ತಿದ್ದ. ಅಮ್ಮನ ಮುಖ ನೋಡಿ ವ್ಯಾನಿನ ಕಡೆ ನಡೆದ.

“ಯಾಕ್ರೀ ಹೇಳಲಿಲ್ಲ?”

“ಏನು?”

“ನಾಟಕ ಬೇಡ. ನಲವತ್ತು ವರ್ಷ ಕಲೆ ತೆಗೆದಿದೀನಿ. ಒಂದು ಸಲ ತಪ್ಪಿದ್ರೆ ತಪ್ಪಿದೆ ಅನ್ನಬೇಕು ತಾನೆ? ನಾನು ಹೊಸ ಸೀರೆ ಉಟ್ಕೊಂಡು, ಹೇಗಿದೆ ಹೇಗಿದೆ ಅಂತ ನಿಂತ್ಕೊಂಡೆ. ಸೊಸೆ ಎದುರಿಗೆ ನನ್ನ ಏನು ಮಾಡಿದ್ರಿ ನೀವು?”

ಮಾವ ಪ್ರೆಸ್ಸಿನ ಹಿಡಿ ಎತ್ತಿದರು. ಹಬೆ ಹೋದಮೇಲೆ ಪ್ಯಾಂಟು ತೆಗೆದು ಪಕ್ಕಕ್ಕಿಟ್ಟರು.

“ಇಸ್ತ್ರಿ ಹಾಕಿದ ದಿನ ನಾಲ್ಕು ಜನರ ಮುಂದೆ ಬೈದೆ. ನೀನು ಇಷ್ಟು ವರ್ಷ ಆ ಕೋಣೆಗೆ ಬರಲಿಲ್ಲ. ಇನ್ನೊಂದು ಸಲ ಬೈದು, ಇನ್ನಷ್ಟು ವರ್ಷ ಕಾಯೋಕೆ ನನಗೆ ಆಯಸ್ಸೆಲ್ಲಿದೆ?”

“ಬೈಯ್ಬೇಕಿತ್ತು,” ಎಂದರು ಅತ್ತೆ.

“ಮನಸ್ಸು ಬರಲಿಲ್ಲ.”

“ಈಗ ಬೈರಿ.”

“ಈಗ ಕೆಲಸ ಇದೆ.”

ಅತ್ತೆ ಅಲ್ಲೇ ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಂಡರು. ಮಾವ ಇನ್ನೊಂದು ಪ್ಯಾಂಟು ತೆಗೆದುಕೊಂಡರು. ಗಿರಾಕಿಯೊಬ್ಬ ಬಂದು ಇಬ್ಬರನ್ನೂ ನೋಡಿ, ನಾಳೆ ಬರುತ್ತೇನೆ ಎಂದು ಹೋದ.

ಆ ಸಂಜೆ ಮಾವ ಮೇಡಂಗೆ ಫೋನು ಮಾಡಿ ನಾಲ್ಕನ್ನು ತೆಗೆದುಕೊಂಡು ಹೋಗಲು ಹೇಳಿದರು.

“ಹನ್ನೊಂದೂ ಒಟ್ಟಿಗೆ ಅಂದಿದ್ರಲ್ಲ ಅಪ್ಪ?” ಎಂದ ಮಗ.

“ಅದು ಆ ಒಂದನ್ನ ನೆಚ್ಕೊಂಡು ಹೇಳಿದ್ದು. ಅದೇ ಹೋದ್ಮೇಲೆ ಹಠ ಯಾವುದಕ್ಕೆ? ಏಣಿ ತಗೊಂಡು ಬಾ.”

ಆರು ಸುಜಾನಿಗಳನ್ನು ಉದ್ದನೆಯ ಕೊಳವೆಗಳಿಗೆ ಸುತ್ತಿ, ಅಂಗಡಿಯ ಮೇಲ್ಛಾವಣಿಯ ಕೆಳಗೆ, ಒಯ್ಯದೆ ಬಿಟ್ಟ ಕೋಟುಗಳ ಮೇಲುಗಡೆ ತೂಗುಹಾಕಿದರು. ಹಬೆ ತಾಗಬಾರದೆಂದು ಪ್ರೆಸ್ಸನ್ನು ಎದುರು ಗೋಡೆಗೆ ಸರಿಸಿದರು. ಮಗ ಕೋಣೆಗೆ ಸುಣ್ಣ ಹೊಡೆದ. ಹೊಡೆದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು ಎಂದು ಅತ್ತೆ ನೆಲ ಒರೆಸಿದರು. ಈ ಸಲ ಅವರ ಪೊರಕೆ ಹೊಸ್ತಿಲಲ್ಲಿ ನಿಲ್ಲಲಿಲ್ಲ.

ಮಂಚ ಬರುವ ಹಿಂದಿನ ದಿನ, ಖಾಲಿ ಕೋಣೆಯಲ್ಲಿ ಮಾವ ಗೆರೆ ಹೋದ ಹನ್ನೊಂದನೆಯದನ್ನು ಕೊನೆಯ ಸಲ ಎಂಬಂತೆ ನೆಲದ ಮೇಲೆ ಹಾಸಿ ನೋಡುತ್ತಿದ್ದರು. ಅತ್ತೆ ಒಳಗೆ ಬಂದವರು ಮಂಡಿಯೂರಿ ಕೂತು, ಬಿಳಿ ಪಟ್ಟಿಯ ಮೇಲೆ ಬೆರಳಿಟ್ಟರು.

“ಇಲ್ಲಿಂದ ಶುರುವಾಗಿತ್ತು ಬಳ್ಳಿ. ಹೀಗೆ ಮೇಲೆ ಹೋಗಿ, ಇಲ್ಲಿ ಎರಡಾಗುತ್ತೆ.”

“ನಿನಗೆ ಹೇಗೆ ಗೊತ್ತು?”

“ಹೇಗೆ ಗೊತ್ತು ಅಂದ್ರೆ? ಒಂದೊಂದು ಗೆರೆ ಮೇಲೂ ಕಡ್ಡಿ ಹಿಡ್ಕೊಂಡು ಹೋಗಿದೀನಿ. ನೀವು ಬರೀ ನೋಡಿದ್ದು.”

ಮಾವ ಅವರನ್ನೇ ದಿಟ್ಟಿಸಿದರು. ಆಮೇಲೆ ಮಗನನ್ನು ಕೂಗಿ, ಬಟ್ಟೆ ಕಟ್ಟುವ ಕಂದು ಕಾಗದದ ಸುರುಳಿ ತರಿಸಿದರು. ಪಟ್ಟಿಯ ಪಕ್ಕ ಅಷ್ಟೇ ಉದ್ದಕ್ಕೆ ಕಾಗದ ಹಾಸಿ, ಮಗ ಮೂಲೆಗಳನ್ನು ಹಿಡಿದ. ಅತ್ತೆ ಸೀಸದ ಕಡ್ಡಿ ಹಿಡಿದು ಬರೆಯತೊಡಗಿದರು. ಬಗ್ಗಲಾಗದ ಸೊಸೆ ಕುರ್ಚಿಯ ಮೇಲೆ ಕೂತು, ತನಗೆ ನೆನಪಿದ್ದದ್ದನ್ನು ಸೇರಿಸಿದಳು. ಮಾವ ಗಾಜು ಹಿಡಿದು, ಮೂರನೆಯ ಪಟ್ಟಿಯ ಅರ್ಧ ಹೂವುಗಳಿಗೆ ಅತ್ತೆಯ ಅರ್ಧ ಹೂವುಗಳನ್ನು ತಾಳೆ ನೋಡಿದರು.

“ಒಂದು ಬೆರಳು ಈಚೆ ಬಂತು.”

“ನಿಮ್ಮ ಮುದುಕಿ ಬರೆದಿದ್ದೇ ಹಾಗೆ.”

“ಮುದುಕಿ ಸರಿಯಾಗೇ ಬರೆದಿದ್ದಳು. ಹೊಲಿದೋರು ತಪ್ಪಿದ್ದು.”

“ಹಾಗಾದ್ರೆ ನೀವೇ ಬರೀರಿ.”

“ಇಲ್ಲ ಇಲ್ಲ, ನೀನೇ ಬರಿ.”

ಮೂಲೆಗೆ ಬಂದಾಗ ಕೆಲಸ ನಿಂತಿತು. ಮಾವ ಹಕ್ಕಿ ಎಂದರು. ಸೊಸೆ ಹೂಜಿ ಎಂದಳು. ಅತ್ತೆ ಕಣ್ಣು ಮುಚ್ಚಿ, ಗಾಳಿಯಲ್ಲಿ ಕಡ್ಡಿ ಆಡಿಸಿ, “ನಾನು ಅಲ್ಲಿಗೆ ಬಂದಾಗ ಬೆನ್ನು ನೋಯ್ತಿತ್ತು. ಬೇಗ ಬೇಗ ಒರೆಸಿಬಿಟ್ಟೆ,” ಎಂದರು. ಬೇರೆ ಕೆಲವು ಕಡೆಯೂ ಅವರ ಕೈ ಹಾಗೇ ನಿಂತಿತ್ತು. ಗೊತ್ತಿಲ್ಲದ್ದನ್ನು ಬರೆಯುವುದು ಬೇಡ ಎಂದರು ಮಾವ. ಆ ಜಾಗಗಳನ್ನು ಖಾಲಿ ಬಿಟ್ಟರು.

ಮಾರನೆಯ ದಿನ ಮಂಚ ಬಂತು. ಸುಜಾನಿಯನ್ನು ಮಾವ ತಾವೇ ಅದರ ಮೇಲೆ ಹೊದಿಸಿದರು. ಮದುವೆಯ ಹಾಸಿಗೆಗೆಂದು ಮಾಡಿದ್ದು, ಇಷ್ಟು ದಿನ ಕಪಾಟಿನಲ್ಲಿ ಬೇವು ತಿಂದದ್ದು ಸಾಕು ಎಂದರು. ಕೂಸು ಒದ್ದೆ ಮಾಡಿದರೆ ಎಂದು ಮಗ ಕೇಳಿದ. ಅಮ್ಮ ಇದ್ದಾಳೆ ಎಂದರು ಮಾವ. ಕಾಗದವನ್ನು ಗೋಡೆಗೆ ಅಂಟಿಸಿದರು. ಸೊಸೆ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿ, ಚಿಲಕ ಸರಿಸಿ, ಕಾಲು ಚಾಚಿ ಮಲಗಿ ಕಾಗದವನ್ನು ನೋಡಿದಳು.

ಹೋದದ್ದು ಇಷ್ಟು. ಬಲಗಡೆಯ ಮೂರು ಎಲೆ, ಒಂದು ದಾಳಿಂಬೆ, ಬಳ್ಳಿಯಲ್ಲಿ ಒಂದು ಗೇಣು, ಮತ್ತು ಮೂಲೆಯ ಒಂದು ಹಕ್ಕಿ ಅಥವಾ ಹೂಜಿ.